ಮಂಡಿಗೆ ಬಿಗಿದ ಪಟ್ಟಿ

ಬಿಟಿಎಂ ಲೇಔಟಿನ ನಮ್ಮ ಜಿಮ್ಮಿನ ಟ್ರೇನರಿಗೆ ಕನ್ನಡಿ ಕಂಡರೆ ಮೈಮೇಲೆ ಅಂಗಿ ನಿಲ್ಲುತ್ತಿರಲಿಲ್ಲ. ನಮ್ಮ ಕತ್ತು ಕೊಂಚ ಉಳುಕಿದರೂ ಅರ್ಧ ಗಂಟೆ ಉಪನ್ಯಾಸ. "ಬಾಡಿ ಮಾತಾಡುತ್ತೆ ಮಗಾ, ಕೇಳಿಸ್ಕೋಬೇಕು" ಎನ್ನುತ್ತಿದ್ದ.

ಒಂದು ದಿನ ಸ್ನಾನ ಮಾಡುವಾಗ ಅವನದೇ ವೃಷಣದಲ್ಲಿ ಬಟಾಣಿಯಷ್ಟು ಗಟ್ಟಿ ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ನನ್ನೊಬ್ಬನಿಗೆ ಹೇಳಿದ. "ಇವತ್ತೇ ತೋರಿಸು" ಎಂದೆ. ಮಹಾಶಯ ಹೋದದ್ದೇನೋ ನಿಜ. ಆದರೆ ಆಸ್ಪತ್ರೆಯ ಕೌಂಟರಿನಲ್ಲಿದ್ದ ಹುಡುಗಿ "ಏನ್ ತೊಂದ್ರೆ ಸಾರ್?" ಎಂದು ಕೇಳಿದ್ದಕ್ಕೆ "ಮಂಡಿ ನೋವು" ಎಂದುಬಿಟ್ಟ. ಮೂಳೆ ಡಾಕ್ಟರು ಎಕ್ಸ್‌ರೇ ತೆಗೆಸಿ, ಒಂದು ಪಟ್ಟಿ ಕೊಟ್ಟು ಕಳಿಸಿದರು. ಗಟ್ಟಿಮುಟ್ಟಾದ ಮಂಡಿಗೆ ಅದನ್ನು ಬಿಗಿದುಕೊಂಡು ಒಂದು ತಿಂಗಳು ಓಡಾಡಿದ.

ಕೊನೆಗೆ ನಾನೇ ಎಳೆದುಕೊಂಡು ಹೋದೆ. ಅದೇ ಕೌಂಟರು, ಅದೇ ಹುಡುಗಿ. ಅವನು ಮತ್ತೆ ಮಂಡಿ ಎನ್ನುವಷ್ಟರಲ್ಲಿ ನಾನು, "ಬೀಜದಲ್ಲಿ ಗಂಟಾಗಿದೆ ಮೇಡಂ" ಎಂದೆ. ಆಕೆ ತಲೆಯನ್ನೂ ಎತ್ತದೆ, "ಯೂರಾಲಜಿ, ಎರಡನೇ ಫ್ಲೋರು. ನೆಕ್ಸ್ಟ್" ಎಂದಳು. ಒಂದು ತಿಂಗಳ ನಾಚಿಕೆಗೆ ಸಿಕ್ಕ ಮರ್ಯಾದೆ ಅಷ್ಟೇ.

ಸ್ಕ್ಯಾನ್ ನೋಡಿದ ಡಾಕ್ಟರು, "ಎಲ್ಲಾ ಗಂಟೂ ಕ್ಯಾನ್ಸರ್ ಅಲ್ಲಪ್ಪ, ಆದ್ರೆ ನಿಮ್ದು ಕ್ಯಾನ್ಸರೇ ಅನ್ಸುತ್ತೆ. ಕೈಗೆ ಸಿಕ್ಕಿದ ದಿನಾನೇ ಬರೋದಲ್ವಾ?" ಎಂದರು. ಒಂದು ವೃಷಣ ತೆಗೆದರು. ಪುಣ್ಯಕ್ಕೆ ಹರಡಿರಲಿಲ್ಲ.

ಎರಡು ತಿಂಗಳ ಮೇಲೆ ಜಿಮ್ಮಿಗೆ ಬಂದ. ಹುಡುಗರೆಲ್ಲ ಸುತ್ತುವರಿದು, "ಏನಾಗಿತ್ತಣ್ಣ?" ಎಂದರು.

"ಮಂಡಿ ಆಪರೇಷನ್ ಮಗಾ. ಬಾಡಿ ಮಾತಾಡುತ್ತೆ, ಕೇಳಿಸ್ಕೋಬೇಕು."

ಅವತ್ತಿನಿಂದ ಅವರೆಲ್ಲ ತಪ್ಪದೆ ತಂತಮ್ಮ ಮಂಡಿ ಒತ್ತಿ ನೋಡಿಕೊಳ್ಳತೊಡಗಿದರು.