ಮೂರೂ ಓಣಿಗೆ ಸಮ ದೂರ

ನಮ್ಮ ಗಣಿತದ ಮಾಸ್ತರರ ಎಡಗೈ ಹೆಬ್ಬೆರಳಿಗೆ ಸದಾ ಕಿರಾಣಿ ಅಂಗಡಿಯ ಬಿಳಿ ದಾರ ಸುತ್ತಿರುತ್ತಿತ್ತು, ತುದಿ ಕೆಂಪಗೆ ಉಬ್ಬುವಷ್ಟು ಬಿಗಿಯಾಗಿ. ತ್ರಿಭುಜದ ಪಾಠ ಬಂತೆಂದರೆ ನಮ್ಮಲ್ಲಿ ಮೂವರನ್ನು ಮೂರು ಮೂಲೆಗೆ ನಿಲ್ಲಿಸಿ ಕೈಗೊಂದು ದಾರ ಕೊಡೋರು. ಇನ್ನೊಂದು ತುದಿ ತಾವು ಹಿಡಿದು, ಮೂರೂ ದಾರ ಒಂದೇ ಉದ್ದವಾಗುವ ಜಾಗ ಹುಡುಕುತ್ತ ಸರಿಯೋರು. ಅದೇ ಪರಿಕೇಂದ್ರ.

ಒಮ್ಮೆ ನಾವು ಬೇಕಂತಲೇ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಿಂತೆವು. ಮಾಸ್ತರರು ಸರಿದೂ ಸರಿದೂ ಬಾಗಿಲು ದಾಟಿ ಬಿಸಿಲಿಗೆ ಹೋದರು. ನಾವು ಹೊಟ್ಟೆ ಹಿಡಕೊಂಡು ನಕ್ಕೆವು.

"ಕೇಂದ್ರ ಅಂದ್ರ ಒಳಗ ಇರಬೇಕಂತ ಯಾರ್ ಹೇಳ್ಯಾರಲೇ? ಮೂರೂ ಮಂದಿಗೆ ಸಮ ದೂರ ಇದ್ರಾತು" ಅಂದರು.

ಊರಲ್ಲೂ ಹಾಗೇ ಇದ್ದರು. ಸಂಶಿಯ ಆಚೆಗಿನ ನಮ್ಮೂರಿಗೆ ಒಬ್ಬರೇ ಬಂದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮೂರಲ್ಲಿ ಮೂರು ಓಣಿ, ಪಂಚಾಯ್ತಿ ಚುನಾವಣೆಯಿಂದ ಒಂದಕ್ಕೊಂದು ಆಗದು. ಬಂದ ಹೊಸತರಲ್ಲಿ ಅವರು ನಮ್ಮ ಮನೆಯಲ್ಲಿ ಉಂಡರು. ಆ ವರ್ಷ ನಾನು ತರಗತಿಗೇ ಮೊದಲಿಗಳಾದೆ. "ಉಂಡ ಮನಿಗೆ ಮಾರ್ಕ್ಸ್ ಹಾಕ್ಯಾರ" ಅಂತ ಉಳಿದೆರಡು ಓಣಿ ಆಡಿಕೊಂಡವು. ನಾನು ಸಾಲಿಗೇ ಹೋಗುವುದಿಲ್ಲ ಅಂತ ಅತ್ತೆ.

ಅಂದಿನಿಂದ ಮಾಸ್ತರರು ಯಾರ ಮನೆಯಲ್ಲೂ ಚಹಾ ಸಹ ಕುಡಿಯಲಿಲ್ಲ. ಪಂಚಮಿಗೆ ಅವ್ವ ಕಳಿಸಿದ ಉಂಡಿಯ ಡಬ್ಬಿ ಹಾಗೇ ವಾಪಸು ಬಂತು. "ನಿಮ್ಮ ಮಗಳ ಮಾರ್ಕ್ಸ್ ಅಕೀವ ಇರ್ಲಿ ಬಿಡ್ರಿ" ಅಂದರಂತೆ.

ಎಂಥಾ ಹಟಮಾರಿ ಮನುಷ್ಯ ಅಂತ ನನಗೆ ಸಿಟ್ಟು. ಸೀಗಿ ಹುಣ್ಣಿವಿಗೆ ಊರಿಗೂರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿತ್ತು. ಖಾಲಿ ಊರಿನಲ್ಲಿ ಅವರೊಬ್ಬರೇ ಸಾಲಿ ಕಟ್ಟೆಯ ಮೇಲೆ ಕೂತಿರೋರು. ನಮ್ಮ ಟ್ರ್ಯಾಕ್ಟರ್ ದಾಟುವಾಗ ಕೈ ಎತ್ತೋರು. 

ಹತ್ತನೇ ತರಗತಿಯ ಗಣಿತದಲ್ಲಿ ನನಗೆ ಪೂರ್ತಿ ಅಂಕ ಬಂದವು. ಈ ಸಲ ಯಾವ ಓಣಿಯೂ ಆಡಿಕೊಳ್ಳಲಿಲ್ಲ.

ನಾನು ಬಿ.ಎಸ್ಸಿ. ಮುಗಿಸಿದ ವರ್ಷ ಅವರು ನಿವೃತ್ತರಾದರು. ಸನ್ಮಾನ ಮುಗಿದ ಮೇಲೆ, ಹೆಗಲ ಮೇಲಿನ ಶಾಲು ತೆಗೆಯದೇ, ಬ್ಯಾಗು ಹಿಡಿದು ನಮ್ಮ ಬಾಗಿಲಿಗೆ ಬಂದರು.

"ಇವತ್ತಿಂದ ನಾ ಯಾರಿಗೂ ಮಾರ್ಕ್ಸ್ ಹಾಕಂಗಿಲ್ರಿ. ಒಂದ್ ರೊಟ್ಟಿ ಹಾಕ್ರಿ."

ಅವ್ವ ಬಿಸಿ ರೊಟ್ಟಿ, ಎಣ್ಣಿಗಾಯಿ ಬಡಿಸಿ ಎದುರಿಗೆ ಕೂತಳು. ಮಾಸ್ತರರು ತುತ್ತು ಮುರಿದು ಕೈಯಲ್ಲೇ ಹಿಡಕೊಂಡರು.

"ಎದುರಿಗೆ ಯಾರರ ಕುಂತ್ರ ಹೆಂಗ ಉಣ್ಣೂದು ಅನ್ನೂದ ಮರ್ತೈತ್ರಿ" ಅಂದರು.

ಅವ್ವ ಏಳಲಿಲ್ಲ. ನಾನೂ ಹೋಗಿ ಅವಳ ಬಾಜು ಕೂತೆ. ಅವರು ತಲೆ ತಗ್ಗಿಸಿ, ನಿಧಾನಕ್ಕೆ, ಎರಡು ರೊಟ್ಟಿ ಉಂಡರು. ಆ ಮಳೆಗಾಲದಲ್ಲೇ ತೀರಿಕೊಂಡರು.