ಮಾಳಿಗೆ ಹತ್ತುವವರ ಲೆಕ್ಕ

೨೦೨೩ರಲ್ಲಿ ನಾನು ದೇವದುರ್ಗದಲ್ಲಿ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಆಗಿದ್ದೆ. ತಾಲೂಕಿನ ಶಾಲೆ, ಅಂಗನವಾಡಿ, ನೀರಿನ ಟ್ಯಾಂಕುಗಳ ಕೆಲಸವೆಲ್ಲ ನನ್ನ ಕೈಕೆಳಗೆ ಬರುತ್ತಿತ್ತು. ನಿವೃತ್ತಿ ಹತ್ತಿರವಾಗಿತ್ತು. ಉಳಿದ ದಿನಗಳನ್ನು ನೆಮ್ಮದಿಯಾಗಿ ಕಳೆದು ರಾಯಚೂರಿನ ಮನೆ ಸೇರಿಕೊಂಡರಾಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಅರಕೇರಾ ಕಡೆಯ ಒಂದು ದೊಡ್ಡಿಗೆ ಜರ್ಮನಿಯಿಂದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಬಂದಿಳಿದರು, ನನ್ನ ಹೊಟ್ಟೆಗೆ ಕಿಚ್ಚು ಬಿತ್ತು. ಇದನ್ನು ಮುಚ್ಚಿಟ್ಟರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಅದಕ್ಕೇ ಮೊದಲೇ ಹೇಳಿಬಿಟ್ಟೆ.

ದೊಡ್ಡಿ ಅಂದರೆ ನಮ್ಮ ಕಡೆ ಹೊಲಗಳ ನಡುವೆ ಎದ್ದ ಸಣ್ಣ ಊರು. ಈ ದೊಡ್ಡಿಯ ಶಾಲೆಗೆ ಇದ್ದದ್ದು ಒಂದೇ ಕೋಣೆ, ಅದರ ಛಾವಣಿಯೂ ಸೋರುತ್ತಿತ್ತು. ಎರಡು ತರಗತಿಗಳು ಬೇವಿನ ಮರದ ಕೆಳಗೆ ನಡೆಯುತ್ತಿದ್ದವು. ಬೆಂಗಳೂರಿನ ಒಂದು ಕಾಲೇಜು ಮತ್ತು ಜರ್ಮನಿಯ ಒಂದು ಕಾಲೇಜು ಸೇರಿ ಅಲ್ಲಿ ಪರಿಸರಸ್ನೇಹಿ ಶಾಲೆ ಕಟ್ಟುವ ಯೋಜನೆ ಹಾಕಿಕೊಂಡಿದ್ದವು. ಅಲ್ಲಿಯ ಮಣ್ಣಿನದೇ ಇಟ್ಟಿಗೆ, ಕಡಿಮೆ ಸಿಮೆಂಟು, ಕಡಿಮೆ ಉಕ್ಕು, ಬೇಸಿಗೆಯಲ್ಲಿ ಫ್ಯಾನಿಲ್ಲದೆ ತಂಪಾಗಿರುವ ಕೋಣೆಗಳು. ಕಾಲೇಜಿನ ವಿದ್ಯಾರ್ಥಿಗಳೇ ನಕ್ಷೆ ಬರೆದು, ಊರವರ ಜೊತೆ ತಾವೇ ಕಟ್ಟುವುದು. ಕಟ್ಟಿದ ಮೇಲೆ ಭದ್ರವಾಗಿದೆ ಎಂದು ನಾನು ಸಹಿ ಹಾಕಿದರೆ ಶಾಲೆ ಅದನ್ನು ಒಪ್ಪಿಸಿಕೊಳ್ಳಬಹುದು. ನನಗಿದ್ದ ಪಾತ್ರ ಇಷ್ಟೇ.

ನಾನು ಮೂವತ್ತು ವರ್ಷದಲ್ಲಿ ಎಷ್ಟು ಶಾಲಾ ಕೋಣೆ ಕಟ್ಟಿಸಿದ್ದೇನೋ ನನಗೇ ನೆನಪಿಲ್ಲ. ನೆನಪಿಡುವುದಕ್ಕೆ ಅವುಗಳಲ್ಲಿ ಏನಿದೆ? ಎಲ್ಲವೂ ಟೈಪ್ ಡಿಸೈನ್. ಅಂದರೆ ರಾಜ್ಯಕ್ಕೆಲ್ಲ ಒಂದೇ ನಕ್ಷೆ, ಮಡಿಕೇರಿಗೂ ಅದೇ, ಮಾನ್ವಿಗೂ ಅದೇ. ಒಮ್ಮೆ ಪಡುವಣದ ಬಿಸಿಲು ನೇರ ಮಕ್ಕಳ ಮುಖಕ್ಕೆ ಬೀಳುತ್ತದೆಂದು ಒಂದು ಕಿಟಕಿಯನ್ನು ಬಡಗಣದ ಗೋಡೆಗೆ ಸರಿಸುತ್ತೇನೆ ಎಂದು ಮೇಲಿನವರನ್ನು ಕೇಳಿದ್ದೆ. "ಡ್ರಾಯಿಂಗ್ ಪ್ರಕಾರ ಮಾಡ್ರಿ" ಅಂದರು. ಡ್ರಾಯಿಂಗ್ ಪ್ರಕಾರ ಮಾಡಿದೆ. ಈ ಹುಡುಗರು ನೋಡಿದರೆ ಒಂದು ಕಿಟಕಿ ಎಲ್ಲಿರಬೇಕೆಂದು ಬೇವಿನ ಮರದ ಕೆಳಗೆ ಕೂತು ಮಧ್ಯಾಹ್ನವೆಲ್ಲ ಚರ್ಚೆ ಮಾಡುತ್ತಿದ್ದರು. ಅವರ ಮಧ್ಯೆ ನಿಂತು ಕೇಳುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಜರ್ಮನಿಯವರ ಮುಂದಾಳು ಕ್ಲಾರಾ ಎಂಬ ಹುಡುಗಿ. ಎತ್ತರದವಳು, ಬಿಸಿಲಿಗೆ ಮೂಗು ಸುಲಿದುಕೊಂಡಿದ್ದರೂ ಕೆಲಸ ಬಿಡುತ್ತಿರಲಿಲ್ಲ. ಅವಳ ಮೇಲೆ ನನಗೆ ಅಂಥ ಸಂಕಟವಿರಲಿಲ್ಲ, ದೂರದ ದೇಶದವಳು, ಅವಳ ಹಣೆಬರಹ ಬೇರೆ ಎಂದು ಬಿಡಬಹುದಿತ್ತು. ನನ್ನನ್ನು ಸುಟ್ಟವಳು ಬೆಂಗಳೂರು ಕಾಲೇಜಿನಿಂದ ಬಂದಿದ್ದ ಸುಜಾತಾ. ಅವಳು ಮಾನ್ವಿ ತಾಲೂಕಿನ ಕುರ್ಡಿಯವಳು. ನಾನು ಮಾನ್ವಿಯವಳು. ಅವಳ ಅವ್ವನೂ ಕೂಲಿಗೆ ಹೋದವಳು, ನಮ್ಮವ್ವನೂ ಕೂಲಿಗೆ ಹೋದವಳು. ಹತ್ತನೇ ತರಗತಿಯಲ್ಲಿ ನಾನು ನಮ್ಮ ಓಣಿಯ ಮನೆಗಳ ಚಿತ್ರ ಬರೆಯುತ್ತಿದ್ದೆ. ಅದಕ್ಕೊಂದು ಓದು ಇದೆ, ಅದರ ಹೆಸರು ಆರ್ಕಿಟೆಕ್ಚರ್ ಎಂದು ನನಗೆ ಯಾರೂ ಹೇಳಲಿಲ್ಲ. ರಾಯಚೂರಿನಲ್ಲಿ ಡಿಪ್ಲೊಮಾ ಸಿಕ್ಕಿತು, ನೌಕರಿ ಸಿಕ್ಕಿತು, ಅದೇ ದೊಡ್ಡದಾಯಿತು. ಸುಜಾತಾಗೆ ಹೇಳುವವರಿದ್ದರು. ಮಣ್ಣು ಮೆತ್ತಿದ ಕೈಯಲ್ಲಿ ನಕ್ಷೆ ಬಿಡಿಸಿ ಹಿಡಿದು ಕ್ಲಾರಾಗೆ ಇಂಗ್ಲಿಷಿನಲ್ಲೂ ಗೋಡೆ ಕಟ್ಟುವ ಗೌಂಡಿಗೆ ನಮ್ಮ ಮಾತಿನಲ್ಲೂ ತಿಳಿಸಿ ಹೇಳುವ ಅವಳನ್ನು ನೋಡಿದರೆ, ಇದು ನಾನಾಗಬೇಕಿತ್ತು ಅನ್ನಿಸುತ್ತಿತ್ತು.

ಊರವರಂತೂ ಆ ಹುಡುಗಿಯರನ್ನು ತಲೆಯ ಮೇಲೆ ಹೊತ್ತು ಕುಣಿದರು. ಶಾಲಾ ಸಮಿತಿಯ ಅಧ್ಯಕ್ಷೆ ಮಲ್ಲಮ್ಮ ಇಬ್ಬರನ್ನೂ ತನ್ನ ಮನೆಯಲ್ಲೇ ಇಟ್ಟುಕೊಂಡಳು. ಬಿಸಿ ರೊಟ್ಟಿ, ಪುಂಡಿಪಲ್ಲೆ, ಕೆನೆಮೊಸರು. ನಾನು ಜೀಪಿನಿಂದ ಇಳಿದರೆ ಪ್ಲಾಸ್ಟಿಕ್ ಕಪ್ಪಿನಲ್ಲಿ ಚಹಾ ಬರುತ್ತಿತ್ತು, ಅದೂ ಬೇಗ ಕುಡಿದು ಹೋಗಲಿ ಎನ್ನುವ ಹಾಗೆ.

ಹೀಗಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಪ್ಪು ಹುಡುಕಿದೆ. ನನ್ನ ಸ್ವಂತ ಕಟ್ಟಡಗಳನ್ನೂ ಅಷ್ಟು ಶ್ರದ್ಧೆಯಿಂದ ನೋಡಿರಲಿಲ್ಲ. ಬುನಾದಿ ಅಳೆದೆ, ಸರಿಯಿತ್ತು. ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿಟ್ಟೆ, ಕರಗಲಿಲ್ಲ. ಗೋಡೆ ನೆಟ್ಟಗಿದೆಯೇ ಎಂದು ಓಳಂಬದ ದಾರ ಇಳಿಬಿಟ್ಟೆ, ಕೂದಲೆಳೆಯಷ್ಟೂ ವಾಲಿರಲಿಲ್ಲ. ಪ್ರತಿ ಸಲವೂ ಸಪ್ಪೆ ಮುಖ ಹಾಕಿಕೊಂಡು ದೇವದುರ್ಗಕ್ಕೆ ಮರಳುತ್ತಿದ್ದೆ.

ಕಟ್ಟಡ ಮುಗಿಯುತ್ತ ಬಂದಾಗ ಒಂದು ದಿನ ಅಂಗಳದಲ್ಲಿ ನಿಂತು ಸುಮ್ಮನೆ ನೋಡಿದೆ. ಚಂದವಿತ್ತು, ಅದನ್ನು ಹೇಳಲೇಬೇಕು. ಛಾವಣಿಗೆ ಉಕ್ಕಿನ ತೊಲೆಗಳು, ತೊಲೆಯಿಂದ ತೊಲೆಗೆ ಇಟ್ಟಿಗೆಯ ಸಣ್ಣ ಸಣ್ಣ ಕಮಾನುಗಳು. ಮೇಲೆ ಬಿಸಿಲು ತಡೆಯಲೆಂದು ಬೆಳ್ಳಗೆ ಸುಣ್ಣದ ಗಾರೆ ಬಳಿದು ಸಮತಟ್ಟು ಮಾಡಿದ್ದರು. ಗಾಳಿಯಾಡಲೆಂದು ಹಿಂದಿನ ಗೋಡೆಯ ತುಂಬ ಇಟ್ಟಿಗೆ ಬಿಟ್ಟು ಬಿಟ್ಟು ಜಾಲಿ ಕಟ್ಟಿದ್ದರು. ಒಂದೊಂದು ತೂತೂ ಒಂದು ಹೆಜ್ಜೆ ಹಿಡಿಯುವಷ್ಟು. ಆಗ ನನಗೆ ಹೊಳೆಯಿತು. ಅದು ಗೋಡೆಯಲ್ಲ, ಏಣಿ.

ನೇರ ಹೋಗಿ ಲೆಕ್ಕದ ಹಾಳೆ ಕೇಳಿದೆ. ಛಾವಣಿಯ ಮೇಲೆ ಬೀಳುವ ಭಾರವನ್ನು ನಾವು ಎರಡು ರೀತಿ ಹಿಡಿಯುತ್ತೇವೆ. ಯಾರೂ ಹತ್ತದ ಛಾವಣಿಗೆ ಚದರ ಮೀಟರಿಗೆ ಸುಮಾರು ಎಪ್ಪತ್ತೈದು ಕಿಲೋ, ಜನ ಹತ್ತುವ ಛಾವಣಿಗೆ ಅದರ ಎರಡರಷ್ಟು. ಜನ ಒತ್ತೊತ್ತಾಗಿ ನಿಂತರೆ ಅದೂ ಸಾಲದು. ಇವರು ಮೆಟ್ಟಿಲನ್ನೇ ಇಟ್ಟಿಲ್ಲ, ಆದ್ದರಿಂದ ಹತ್ತದ ಛಾವಣಿ ಎಂದು ಹಿಡಿದಿದ್ದರು. ಉಕ್ಕು ಉಳಿಸಿದಷ್ಟೂ ಭೂಮಿಗೆ ಒಳ್ಳೆಯದೆಂದು ತೊಲೆಗಳನ್ನು ಲೆಕ್ಕ ಒಪ್ಪುವ ಮಟ್ಟಿಗೆ ತೆಳ್ಳಗೆ ಇಳಿಸಿದ್ದರು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಮುಂದಿನ ವಾರ ಉದ್ಘಾಟನೆ. ಮಂತ್ರಿಗಳು, ವಿದೇಶದವರು, ಬ್ಯಾಂಡು. ಸುತ್ತಲ ದೊಡ್ಡಿಗಳ ಜನವೆಲ್ಲ ಬರುವವರು. ನೋಡಲು ಅಲ್ಲಿ ಎತ್ತರದ ಜಾಗ ಈ ಛಾವಣಿಯೊಂದೇ. ಕೆಳಗೆ ಕೋಣೆಯಲ್ಲಿ ಮಕ್ಕಳನ್ನು ಕೂರಿಸುವುದೆಂದು ಕಾರ್ಯಕ್ರಮದಲ್ಲಿತ್ತು.

ಸಮಿತಿಯ ಸಭೆಯಲ್ಲಿ ಇದನ್ನೇ ಹೇಳಿದೆ. ಸಹಿ ಹಾಕುವುದಿಲ್ಲ, ಛಾವಣಿ ಗಟ್ಟಿ ಮಾಡದೆ ಸಮಾರಂಭ ಬೇಡ ಅಂದೆ. ಹೆಡ್ ಮಾಸ್ತರರು ಯಾರೂ ಹತ್ತದ ಹಾಗೆ ಆ ತೂತಿನ ಗೋಡೆಯ ಬುಡಕ್ಕೆ ಮುಳ್ಳು ಒಟ್ಟಿಸುತ್ತೇನೆ ಅಂದರು. ನೋಡಬೇಕೆಂದವರು ಏಣಿ ತರುತ್ತಾರೆ ಅಂದೆ. ಮಲ್ಲಮ್ಮ ಸೆರಗು ಸರಿಮಾಡಿಕೊಂಡು ಮಾತಾಡಿದಳು.

"ನೀವು ಕಟ್ಟಿದ ಖೋಲ್ಯಾಗ ಬ್ಯಾಸಗ್ಯಾಗ ಒಂದು ಹುಡುಗ ಕುಂದ್ರಾಕ ಆಗಿಲ್ರೀ ಮೇಡಂ. ಈ ಹೆಣ್ಣುಮಕ್ಕಳು ತಂಪ ಮಾಡಿ ಕೊಟ್ಟಾರ. ನಿಮಗದು ಸೈರಣಿ ಆಗವಲ್ದು. ನೀವು ಬಂದಾಗೆಲ್ಲ ನಿಮ್ಮ ಮಾರಿ ನೋಡೀನ್ರೀ ನಾನು."

ಸಭೆಯಲ್ಲಿ ಒಬ್ಬರೂ ಅಲ್ಲಗಳೆಯಲಿಲ್ಲ. ಅವಳು ಹೇಳಿದ್ದು ನಿಜವಾಗಿತ್ತು, ನಾನು ಹೇಳಿದ್ದೂ ನಿಜವಾಗಿತ್ತು. ಆದರೆ ಮೊದಲನೆಯದು ಎಲ್ಲರ ಕಣ್ಣಿಗೂ ಕಂಡಿತ್ತು, ಎರಡನೆಯದು ನನ್ನೊಬ್ಬಳ ಕಣ್ಣಿಗೆ. ಸಹಿ ಆಮೇಲೆ ನೋಡೋಣ, ಸಮಾರಂಭ ನಡೆಯಲಿ ಎಂದು ತೀರ್ಮಾನವಾಯಿತು. ತಪ್ಪು ಸಿಗಲಿ ಎಂದು ತಿಂಗಳುಗಟ್ಟಲೆ ಹಾರೈಸಿದ್ದೆ, ಸಿಕ್ಕ ಮೇಲೆ ಅದು ಮಕ್ಕಳ ತಲೆಯ ಮೇಲಿತ್ತು.

ಮರುದಿನ ಬೆಳಿಗ್ಗೆ ಸುಜಾತಾ ಬಸ್ಸು ಹಿಡಿದು ದೇವದುರ್ಗದ ಆಫೀಸಿಗೆ ಬಂದಳು. ಕೂರು ಅಂದರೂ ಕೂರಲಿಲ್ಲ.

"ಮೇಡಂ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮಗ ನಮ್ಮ ಮ್ಯಾಲ ಹೊಟ್ಟಿಕಿಚ್ಚು ಅದ, ಹೌದಿಲ್ರೀ?"

ಆ ಹುಡುಗಿಯ ಮುಂದೆ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. "ಅದವ್ವಾ," ಅಂದೆ. "ಎಲ್ಲಾರಕಿಂತ ನಿನ್ನ ಮ್ಯಾಲ ಜಾಸ್ತಿ ಅದ. ಹೊಟ್ಟಿಕಿಚ್ಚೂ ಅದ, ನಿಮ್ಮ ಛತ್ತೂ ಕಮಜೋರ್ ಅದ. ಒಂದು ಖರೇ ಅಂತ ಇನ್ನೊಂದು ಸುಳ್ಳಾಗಂಗಿಲ್ಲ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ನಾನು ನಕ್ಷೆಯ ವಿಷಯ ಎತ್ತಲಿಲ್ಲ. ಕುರ್ಡಿಯ ವಿಷಯ ಕೇಳಿದೆ.

"ನಿಮ್ಮ ಮನಿ ಮಾಳಗಿ ಮ್ಯಾಲ ಯಾರ್ಯಾರು ಹತ್ತತೀರಿ?"

"ಎಲ್ಲಾರೂ ಹತ್ತತೀವ್ರಿ. ಬ್ಯಾಸಗ್ಯಾಗ ಮಲಗಾಕ, ಮೆಣಸಿನಕಾಯಿ ಒಣಗಸಾಕ. ಲಗ್ನದ ಮೆರವಣಿಗಿ ಬಂತಂದ್ರ ಓಣಿ ಮಂದಿ ಎಲ್ಲಾ ನಮ್ಮ ಮಾಳಗಿ ಮ್ಯಾಲೇ..." ಅಲ್ಲಿಗೆ ನಿಲ್ಲಿಸಿದಳು.

"ನಿಮ್ಮ ಮಾಳಗಿಗಿ ಮೆಟ್ಟಲ ಅದಾವೇನು?"

ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಹೇಳಿದಳು: ಕೆಲಸ ಶುರುವಾದ ಹೊಸದರಲ್ಲಿ ಕ್ಲಾರಾ ಅವಳನ್ನು ಇದನ್ನೇ ಕೇಳಿದ್ದಳಂತೆ, ಇಲ್ಲಿಯ ಜನ ಛಾವಣಿ ಹತ್ತುತ್ತಾರೆಯೇ ಎಂದು. ಮನೆಯದಾದರೆ ಹತ್ತುತ್ತಾರೆ, ಶಾಲೆಯದಕ್ಕೆ ಮೆಟ್ಟಿಲೇ ಇಲ್ಲವಲ್ಲ, ಯಾರು ಹತ್ತುತ್ತಾರೆ ಅಂದಿದ್ದಳಂತೆ. ಹಾಸ್ಟೆಲಿನಲ್ಲಿ ಐದು ವರ್ಷ ಕಳೆದ ಹುಡುಗಿಗೆ ಮೆಟ್ಟಿಲಿಲ್ಲ ಅಂದರೆ ಹತ್ತುವುದಿಲ್ಲ ಎಂದೇ ಅನ್ನಿಸಿತ್ತು. ನಮ್ಮ ಕಡೆ ಮಾಳಿಗೆ, ಅಂದರೆ ಮನೆಯ ಸಮತಟ್ಟು ಛಾವಣಿ, ಅದೂ ಮನೆಯ ಒಂದು ಕೋಣೆ ಇದ್ದ ಹಾಗೆ, ಮೇಲಿದೆ ಅಷ್ಟೇ. ಅವಳಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ, ಮರೆಯದಿದ್ದರೆ ಸಾಕಿತ್ತು.

ಜೀಪಿನಲ್ಲಿ ದೊಡ್ಡಿಗೆ ಹೋದೆವು. ಸುಜಾತಾ ಎಲ್ಲರ ಎದುರಿಗೆ, ಮಲ್ಲಮ್ಮನ ಎದುರಿಗೂ, ತಪ್ಪು ತನ್ನದೆಂದಳು. ಕ್ಲಾರಾ ಲ್ಯಾಪ್‌ಟಾಪ್ ತೆರೆದು ಹೊಸ ಭಾರ ಹಾಕಿ ಲೆಕ್ಕ ಮಾಡಿದಳು. ತೊಲೆಗಳು ತಾಳುತ್ತಿರಲಿಲ್ಲ. ಅವಳು ಮುಖ ಮುಚ್ಚಿಕೊಂಡು ಅತ್ತಳು. ಸಮಾರಂಭ ಮುಂದೂಡೋಣವೆಂದರೆ ಅದರ ಮರುದಿನವೇ ಜರ್ಮನಿಯವರ ವಿಮಾನ. ತೊಲೆ ಬದಲಿಸಲು ಕಮಾನು ಒಡೆಯಬೇಕು, ಅಷ್ಟು ಸಮಯವಿಲ್ಲ. ನಟ್ಟನಡುವೆ ಕಂಬ ಕೊಟ್ಟರೆ ಮಕ್ಕಳಿಗೆ ಬೋರ್ಡು ಕಾಣುವುದಿಲ್ಲ.

ಎಲ್ಲರೂ ನನ್ನ ಮುಖ ನೋಡಿದರು. ಸುಜಾತಾ ತನ್ನ ಪೆನ್ಸಿಲನ್ನು ನನ್ನ ಕಡೆ ಚಾಚಿದಳು.

ಮೂವತ್ತು ವರ್ಷದಲ್ಲಿ ಮೊದಲ ಸಲ ಟೈಪ್ ಡಿಸೈನಿನಲ್ಲಿ ಇಲ್ಲದ್ದನ್ನು ಬರೆದೆ. ಜಾಲಿ ಗೋಡೆಯಿಂದ ಕೋಣೆಯ ಅಗಲದ ಮೂರರಲ್ಲಿ ಒಂದು ಪಾಲು ಬಿಟ್ಟು, ಪ್ರತಿ ತೊಲೆಯ ಕೆಳಗೂ ಒಂದೊಂದು ಕಲ್ಲಿನ ಕಂಬ. ಬೋರ್ಡಿಗೆ ಅಡ್ಡವಿಲ್ಲ. ತೊಲೆ ಬಾಗುವ ಒತ್ತಡ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕಂಬಕ್ಕೂ ಗೋಡೆಗೂ ನಡುವೆ ಉಳಿದ ಓಣಿಯಂಥ ಜಾಗದಲ್ಲಿ ಗಾಳಿಗೆ ಮಕ್ಕಳು ಕೂರಲೆಂದು ಹಾಸುಗಲ್ಲಿನ ಕಟ್ಟೆ. ಕಟ್ಟೆಯನ್ನು ಯಾರೂ ಕೇಳಿರಲಿಲ್ಲ. ಬರೆಯುವ ಕೈ ಬರೆದುಬಿಟ್ಟಿತು.

ಕ್ಲಾರಾ ಕಣ್ಣೊರೆಸಿಕೊಂಡು ನೋಡಿ, ಕಟ್ಟೆಯ ಮೇಲೆ ಬೆರಳಿಟ್ಟು, ತಾನು ಕಲಿತಿದ್ದ ನಾಲ್ಕೈದು ಕನ್ನಡ ಮಾತಿನಲ್ಲಿ ಒಂದನ್ನು ಬಳಸಿದಳು. "ಛಲೋ ಅದ" ಅಂದಳು.

ಆ ವಾರ ಊರೇ ದುಡಿಯಿತು. ನೆಲ ಅಗೆದು ಪಾಯ ತುಂಬಿ ಕಂಬ ನಿಲ್ಲಿಸಿದೆವು. ಪ್ರತಿ ಕಂಬದ ತಲೆಗೆ ಉಕ್ಕಿನ ಹಲಗೆ ಕೊಟ್ಟು ತೊಲೆಗೆ ಬಿಗಿಯಾಗಿ ಬೆಣೆ ಹೊಡೆಸಿದೆ. ಎಲ್ಲ ಪರೀಕ್ಷಿಸಿದ ಮೇಲೆ ಸಹಿ ಹಾಕಿದೆ. ಅಂದು ಮಲ್ಲಮ್ಮ ಸ್ಟೀಲಿನ ಲೋಟದಲ್ಲಿ ಚಹಾ ತಂದಳು. "ಕುಂದ್ರಿ, ಆರಾಮ ಕುಡೀರಿ" ಅಂದಳು.

ಸಮಾರಂಭದ ದಿನ ಹೆಡ್ ಮಾಸ್ತರರು ಮುಳ್ಳು ಒಟ್ಟಿಸಿಯೇ ಇದ್ದರು. ಮಂತ್ರಿಗಳ ಕಾರು ದೂರದಲ್ಲಿ ಧೂಳೆಬ್ಬಿಸಿದ್ದೇ ತಡ, ಮುಳ್ಳು ಯಾವ ಕಡೆಗೆ ಹೋಯಿತೋ, ಜನ ಜಾಲಿಯಲ್ಲಿ ಕಾಲಿಟ್ಟು ಸರಸರ ಮೇಲೇರಿದರು. ಗಂಡಸರು, ಹುಡುಗರು, ಸೊಂಟದಲ್ಲಿ ಕೂಸು ಎತ್ತಿಕೊಂಡ ಹೆಂಗಸರು. ಛಾವಣಿಯ ಅಂಚಿನಲ್ಲಿ ಹುಟ್ಟಿದ ತಲೆಗಳ ಸಾಲು ನೋಡಿ ಮಂತ್ರಿಗಳು ಕೈ ಬೀಸಿದರು. ನಾನೂ ಸುಜಾತಾಳೂ ಒಳಗೆ ಮಕ್ಕಳ ನಡುವೆ ನಿಂತು ತೊಲೆ ನೋಡುತ್ತಿದ್ದೆವು. ಕಮಾನಿನಿಂದ ಒಂದಿಷ್ಟು ಸುಣ್ಣದ ಪುಡಿ ಉದುರಿತು. ಅವಳು ನನ್ನ ಕೈ ಹಿಡಿದುಕೊಂಡಳು. ತೊಲೆ ಅಲ್ಲಾಡಲಿಲ್ಲ.

ಮಾಲೆ ಹುಡುಗಿಯರ ಕೊರಳಿಗೆ ಬಿತ್ತು. ಗೋಡೆಯ ಫಲಕದಲ್ಲಿ ಅವರ ಹೆಸರು, ಎರಡು ಕಾಲೇಜುಗಳ ಹೆಸರು. ಆಮೇಲೆ ಯಾವುದೋ ವಿದೇಶಿ ಪತ್ರಿಕೆಯಲ್ಲಿ ಶಾಲೆಯ ಫೋಟೋ ಬಂತು, ಕಲ್ಲಿನ ಕಟ್ಟೆಯ ಮೇಲೆ ಮಕ್ಕಳು ಕೂತು ಓದುವ ಫೋಟೋ. ಕೆಳಗೆ ನನ್ನ ಹೆಸರು ಇರಲಿಲ್ಲ. ನನಗೇನೂ ಅನ್ನಿಸಲಿಲ್ಲ ಎಂದು ಬರೆದರೆ ನೀವೂ ನಂಬುವುದಿಲ್ಲ.

ಹೊಟ್ಟೆಕಿಚ್ಚು ಕೆಟ್ಟದ್ದೆಂದು ಎಲ್ಲರೂ ಹೇಳುತ್ತಾರೆ. ನನ್ನ ವೃತ್ತಿ ನನಗೆ ಕಲಿಸಿದ್ದು ಸ್ವಲ್ಪ ಬೇರೆ. ಬೇರೆಯವರ ಕೆಲಸವನ್ನು ಹೊಟ್ಟೆಕಿಚ್ಚಿನವರಷ್ಟು ಹತ್ತಿರದಿಂದ ನೋಡುವವರಿಲ್ಲ. ಆದರೆ ಕಂಡದ್ದನ್ನು ಹೇಳುವಾಗ ಕಿಚ್ಚನ್ನೂ ಜೊತೆಗೇ ಒಪ್ಪಿಕೊಳ್ಳಬೇಕು, ಮುಚ್ಚಿಟ್ಟರೆ ಯಾರೂ ಕಿವಿಗೊಡುವುದಿಲ್ಲ. ಅಂದು ಆಫೀಸಿನಲ್ಲಿ "ಇಲ್ಲ" ಅಂದಿದ್ದರೆ ಆ ಹುಡುಗಿ ಎದ್ದು ಹೋಗುತ್ತಿದ್ದಳು.

ಸುಜಾತಾ ಈಗ ಹೆಚ್ಚಿನ ಓದಿಗೆ ಕ್ಲಾರಾಳ ಊರಿನಲ್ಲಿದ್ದಾಳೆ. ಅಲ್ಲಿ ಇವರೆಲ್ಲ ಸೇರಿ ಇನ್ನೊಂದು ಶಾಲೆ ಕಟ್ಟುತ್ತಿದ್ದಾರಂತೆ. ಮೊನ್ನೆ ರಾಯಚೂರಿನ ಮನೆಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದಾಗ ವಿಡಿಯೋ ಕಾಲ್ ಮಾಡಿದಳು. ಅವಳ ಬೆನ್ನ ಹಿಂದೆ ಎಲ್ಲ ಬೆಳ್ಳಗೆ ಕಾಣುತ್ತಿತ್ತು.

"ಮೇಡಂ, ಇಲ್ಲಿ ಛತ್ತಿನ ಮ್ಯಾಲ ಮಂದಿ ಹತ್ತಂಗಿಲ್ರೀ. ಹಿಮ ಹತ್ತತದ. ನಾನು ಮೊದಲ ಅದನ್ನೇ ಕೇಳಿದೆ."

ನಾನು ಹಿಮ ನೋಡಿದವಳಲ್ಲ. ಇನ್ನು ನೋಡುವುದೂ ಇಲ್ಲ. ಟೋಪಿ ಹಾಕಿಕೊಂಡು, ಮೂಗು ಕೆಂಪಗೆ ಮಾಡಿಕೊಂಡು ನಗುತ್ತಿದ್ದ ಅವಳ ಮುಖ ನೋಡಿ ಹೊಟ್ಟೆ ಮೊದಲಿನ ಹಾಗೆಯೇ ಉರಿಯಿತು.

"ಹಿಮದ ಭಾರ ಎಷ್ಟು ಹಿಡದೀ?" ಅಂದೆ. "ಲೆಕ್ಕ ಕಳಸು, ನೋಡ್ತೀನಿ."