ಎ ಡಿವಿಜನ್‌ನಲ್ಲಿ ಒಂದು ವರ್ಷ

ನಮ್ಮ ತಂಡ ಜಿಲ್ಲೆಯ ಬಿ ಡಿವಿಜನ್ ಫುಟ್‌ಬಾಲ್ ಲೀಗ್ ಗೆದ್ದಾಗ ಕಾಪುವಿನಲ್ಲಿ ಅದನ್ನು ಹೆಚ್ಚು ಮಂದಿ ಗಮನಿಸಲಿಲ್ಲ. ನಮ್ಮೂರಲ್ಲಿ ಕ್ರಿಕೆಟ್ ಉಂಟು, ವಾಲಿಬಾಲ್ ಉಂಟು. ಫುಟ್‌ಬಾಲ್ ಎಂದರೆ ನಾವೇ ಕೆಲವರು, ಮತ್ತು ಸಮುದ್ರದ ಹತ್ತಿರದ ಶಾಲೆಯ ಮೈದಾನ. ಅದರಲ್ಲಿಯೂ ಅರ್ಧ ಹೊಯಿಗೆ, ಕಡಲ ಮರಳು. ಗೆದ್ದ ದಿನ ನಮ್ಮ ಕೋಚ್ ತಮ್ಮ ಮನೆಯಲ್ಲಿ ಎಲ್ಲರಿಗೂ ಕೋರಿರೊಟ್ಟಿ ಹಾಕಿಸಿದರು. ಊಟದ ನಡುವೆ, "ಬರುವ ವರ್ಷ ಎ ಡಿವಿಜನ್. ಅಲ್ಲಿ ಈ ಆಟ ಸಾಲುವುದಿಲ್ಲ, ಗೊತ್ತುಂಟಲ್ಲ?" ಎಂದರು. ಯಾರೂ ಅದನ್ನು ತಲೆಗೆ ಹಾಕಿಕೊಂಡಂತೆ ಕಾಣಲಿಲ್ಲ. ನಾನೂ ಇನ್ನೊಂದು ರೊಟ್ಟಿ ಕೇಳಿದೆ.

ಕೋಚ್ ಎಂದರೆ ನಿವೃತ್ತ ಡ್ರಿಲ್ ಮಾಸ್ಟ್ರು. ನಾವೆಲ್ಲ ತುಳು ಮಾತಾಡುವವರು, ಅವರೂ ಅಷ್ಟೆ. ಆದರೆ ಮೈದಾನಕ್ಕೆ ಇಳಿದರೆ ಅವರ ಬಾಯಲ್ಲಿ ಬರುತ್ತಿದ್ದದ್ದು ಶಾಲೆಯ ಕನ್ನಡವೇ. ನಾನು ಗೋಲ್‌ಕೀಪರ್. ಉಳಿದ ಹೊತ್ತಿನಲ್ಲಿ ಹಿರಿಯಡ್ಕದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ. ನನ್ನ ಮುಂದೆ, ಡಿಫೆನ್ಸಿನ ನಡುವೆ, ಸ್ವಲ್ಪ ಬಲಕ್ಕೆ ನಿಂತು ಆಡುತ್ತಿದ್ದವರು ನನ್ನ ಅಕ್ಕನ ಗಂಡ. ಅವರೇ ಕ್ಯಾಪ್ಟನ್. ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಬಹಳ ವರ್ಷಗಳಿಂದ ದುಡಿಯುತ್ತಿದ್ದರು. ಪ್ರಾಯ ನಲವತ್ತರ ಹತ್ತಿರ. ಓಟ ಕಡಿಮೆಯಾಗಿತ್ತು, ಆದರೆ ಚೆಂಡು ಎಲ್ಲಿ ಬೀಳುತ್ತದೆಂದು ಅವರಿಗೆ ಮೊದಲೇ ತಿಳಿಯುತ್ತಿತ್ತು.

ಎ ಡಿವಿಜನ್ನಿನ ಮೊದಲ ಆಟ ಮಣಿಪಾಲದಲ್ಲಿ, ವಿದ್ಯಾರ್ಥಿಗಳ ತಂಡದ ಮೇಲೆ. ಅಲ್ಲಿಯ ಹುಲ್ಲು ಪ್ಲಾಸ್ಟಿಕ್ಕಿನದು. ಹೊಯಿಗೆಯಲ್ಲಿ ಆಡಿ ಅಭ್ಯಾಸವಾದ ನಮಗೆ ಚೆಂಡು ಎಣಿಸಿದ್ದಕ್ಕಿಂತ ಬೇಗ ಬಂದು ಮುಟ್ಟುತ್ತಿತ್ತು. ಎದುರಿನವರು ಎಲ್ಲೆಲ್ಲಿಂದಲೋ ಬಂದ ಹುಡುಗರು, ತಮ್ಮತಮ್ಮಲ್ಲಿ ಇಂಗ್ಲಿಷಿನಲ್ಲಿ ಕೂಗಿಕೊಳ್ಳುತ್ತ ಆರಾಮವಾಗಿ ಆಡಿದರು. ನಾನು ಮತ್ತೆ ಮತ್ತೆ ಬಲೆಯೊಳಗಿಂದ ಚೆಂಡು ಹೆಕ್ಕಿದೆ. ಉಡುಪಿಯಲ್ಲಿ ಸೋತೆವು. ನಮ್ಮದೇ ಮೈದಾನದಲ್ಲಿ, ನಮ್ಮದೇ ಹೊಯಿಗೆಯಲ್ಲಿಯೂ ಸೋತೆವು.

ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ ಮಾಸ್ಟ್ರು ಎಲ್ಲರನ್ನೂ ಕೂರಿಸಿದರು.

"ಹೀಗೇ ಹೋದರೆ ಆಗುವುದಿಲ್ಲ. ಮಣಿಪಾಲದಲ್ಲಿ ಕಾಲೇಜು ತಂಡದಲ್ಲಿ ಜಾಗ ಸಿಗದ ಒಳ್ಳೆಯ ಹುಡುಗರಿದ್ದಾರೆ. ಮೂರು ನಾಲ್ಕು ಜನರನ್ನು ಸೇರಿಸಿಕೊಳ್ಳುವ." ಆಮೇಲೆ ನನ್ನ ಕಡೆ ತಿರುಗಿ, "ಒಬ್ಬ ಕೀಪರ್ ಕೂಡ ಇದ್ದಾನೆ. ನೀನು ಸ್ವಲ್ಪ ಸಮಯ ಹೊರಗೆ ಕೂತುಕೋ," ಎಂದರು.

"ಆಯ್ತು ಮಾಸ್ಟ್ರೇ," ಎಂದೆ. ಬೇಸರವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಹೊಸ ಕೀಪರ್ ಅಭ್ಯಾಸಕ್ಕೆ ಬಂದ ದಿನವೇ ಅವನು ನನಗಿಂತ ಒಳ್ಳೆಯ ಆಟಗಾರನೆಂದು ಸ್ಪಷ್ಟವಾಯಿತು. ಅದರ ಮೇಲೆ ವಾದ ಮಾಡುವುದಕ್ಕೆ ಏನೂ ಉಳಿಯಲಿಲ್ಲ.

ಅವನು ಕೇರಳದವನು, ದಂತವೈದ್ಯಕೀಯದ ವಿದ್ಯಾರ್ಥಿ, ಬಹಳ ಎತ್ತರ. ಅವನ ಕನ್ನಡವೆಲ್ಲ ರೋಗಿಗಳ ಹತ್ತಿರ ಕಲಿತದ್ದು. ಯಾರಾದರೂ ಬಿದ್ದರೆ ಓಡಿಬಂದು, "ಎಲ್ಲಿ ನೋವು ಉಂಟು? ಯಾವಾಗಿನಿಂದ ಉಂಟು?" ಎಂದು ಕೇಳುತ್ತಿದ್ದ. ಭಾವನನ್ನು ಅವನು ತನ್ನ ಊರಿನ ರೀತಿಯಲ್ಲಿ ಚೇಟ್ಟಾ ಎಂದು ಕರೆಯುತ್ತಿದ್ದ. ಅಣ್ಣ ಎಂದು ಅರ್ಥ.

ಹೊಸಬರು ಬಂದ ಮೇಲೆ ಒಂದು ಆಟ ಗೆದ್ದೆವು. ಮುಂದಿನದರಲ್ಲಿ ಎಡವಟ್ಟಾಯಿತು. ನಮ್ಮ ಗೋಲಿನ ಮುಂದೆ ಚೆಂಡು ಎತ್ತರದಿಂದ ಇಳಿಯುತ್ತಿತ್ತು. ತಾನು ಹಿಡಿಯುತ್ತೇನೆ, ಬಿಡಿ ಎಂದು ಕೀಪರ್ ಕೂಗಿದ್ದು ಹೊರಗೆ ಕೂತಿದ್ದ ನನಗೆ ಕೇಳಿಸಿತು. ಭಾವ ಬಿಡಲಿಲ್ಲ. ಇಬ್ಬರೂ ಡಿಕ್ಕಿ ಹೊಡೆದು ಬಿದ್ದರು. ಚೆಂಡು ಎದುರಿನವರ ಕಾಲಿಗೆ ಸಿಕ್ಕಿ ಗೋಲಾಯಿತು.

"ಅವನು ಕೂಗಿದ್ದು ಕೇಳಲಿಲ್ವಾ?" ಎಂದು ಮಾಸ್ಟ್ರು ಕೇಳಿದರು.

"ಬಿಸಿಲು ಕಣ್ಣಿಗೆ ಹೊಡೆಯಿತು," ಎಂದರು ಭಾವ. ಆ ದಿನ ಮೋಡವಿತ್ತು.

ಭಾವನ ಎಡಗಿವಿ ಕೇಳುವುದಿಲ್ಲವೆಂಬುದು ನಮ್ಮ ಮನೆಯವರಿಗೆ ಮಾತ್ರ ಗೊತ್ತಿತ್ತು. ಪ್ಲಾಂಟಿನಲ್ಲಿ ಅವರು ನಿಲ್ಲುವ ಜಾಗಕ್ಕೆ ಸರಿಯಾಗಿ ಎಡಕ್ಕೆ ಐಸ್ ಪುಡಿ ಮಾಡುವ ಯಂತ್ರ. ಮೊದಲು ಕಿವಿಯೊಳಗೆ ಗುಂಯ್ ಎನ್ನುತ್ತಿತ್ತಂತೆ, ಆಮೇಲೆ ಅದೂ ನಿಂತಿತು. ಅಕ್ಕ ಅವರ ಬಲಕ್ಕೇ ಕೂತು ಮಾತಾಡುತ್ತಿದ್ದಳು. ನಾನು ಕೀಪರಾಗಿದ್ದಾಗ ಗೋಲಿನ ಬಲಬದಿಗೆ ಸರಿದು ಅವರಿಗೆ ಕೂಗುತ್ತಿದ್ದೆ. ಹಾಗೆ ಮಾಡಬೇಕೆಂದು ನಾವು ಮಾತಾಡಿಕೊಂಡದ್ದಲ್ಲ, ಆಡುತ್ತ ಆಡುತ್ತ ಹಾಗಾಗಿತ್ತು. ಹೊಸ ಹುಡುಗನಿಗೆ ಇದು ತಿಳಿಯುವ ದಾರಿ ಇರಲಿಲ್ಲ.

ಮರುದಿನ ಅಕ್ಕನ ಮನೆಗೆ ಹೋದೆ. ಭಾವ ಜಗಲಿಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದರು.

"ಮಾಸ್ಟ್ರಿಗೆ ಹೇಳುವ, ಭಾವ," ಎಂದೆ.

"ಬೇಡ ಮಾರಾಯ. ಹೇಳಿದರೆ ನನ್ನ ಆಟ ಮುಗಿಯಿತು."

ಚಾ ತಂದ ಅಕ್ಕ, "ಮುಗಿದರೆ ಎಂತ ಆಯ್ತು ಈಗ?" ಎಂದಳು.

ಭಾವ ಇನ್ನೊಂದು ಮೊಣಕಾಲಿಗೆ ಎಣ್ಣೆ ಸುರಿದುಕೊಂಡರು. ಅಕ್ಕ ಅವರ ಬಲಗಡೆಯೇ ನಿಂತಿದ್ದಳು, ಕೇಳದೆ ಇರಲು ಸಾಧ್ಯವಿರಲಿಲ್ಲ.

ಅದರ ನಂತರದ ಆಟದಲ್ಲಿಯೂ ಅಂಥದ್ದೇ ತಪ್ಪಾಗಿ ಸೋತೆವು. ಆ ವಾರದ ಅಭ್ಯಾಸದಲ್ಲಿ ಮಾಸ್ಟ್ರು ಎಲ್ಲರ ಎದುರು, ಕ್ಯಾಪ್ಟನ್ ಇನ್ನು ಮುಂದೆ ಹೊರಗೆ ಕೂರಲಿ ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಆಗ ಭಾವ ಎದ್ದು ನಿಂತರು.

"ಮಾಸ್ಟ್ರೇ, ನನಗೆ ಎಡದ ಕಿವಿ ಕೇಳುವುದಿಲ್ಲ. ಪೂರ್ತಿ ಹೋಗಿದೆ. ಇವನು ಹಿಂದೆ ಇದ್ದಾಗ ಬಲಗಡೆಯಿಂದ ಕೂಗುತ್ತಿದ್ದ. ಹಾಗಾಗಿ ಗೊತ್ತಾಗಲಿಲ್ಲ."

ಎಲ್ಲರೂ ನನ್ನನ್ನು ನೋಡಿದರು. ಮಾಸ್ಟ್ರು ಟೋಪಿ ತೆಗೆದು ತಲೆ ಸವರಿಕೊಂಡರು. ಮಣಿಪಾಲದ ಹುಡುಗರಲ್ಲಿ ಒಬ್ಬ, ಏನು ಹೇಳಿದ್ದೆಂದು ಪಿಸುದನಿಯಲ್ಲಿ ವಿಚಾರಿಸಿದ. ಕೀಪರ್ ಮಾತ್ರ ಭಾವನ ಹತ್ತಿರ ಹೋಗಿ, ಅಭ್ಯಾಸಬಲದಿಂದಲೋ ಏನೋ, "ಯಾವಾಗಿನಿಂದ ಉಂಟು?" ಎಂದು ಕೇಳಿದ. ಭಾವ ನಕ್ಕರು. ಆಮೇಲೆ ಉಳಿದವರೂ ನಕ್ಕರು.

ಕೀಪರ್ ಹೊಯಿಗೆಯಲ್ಲಿ ಕೂತು ಬೆರಳಿನಿಂದ ಮೈದಾನದ ಚಿತ್ರ ಬಿಡಿಸಿದ. "ಚೇಟ್ಟಾ, ನೀವು ಇಲ್ಲಿ, ಎಡದ ಕೊನೆಯಲ್ಲಿ ಆಡಿ. ಆಗ ನಿಮ್ಮ ಎಡಕ್ಕೆ ಯಾರೂ ಇಲ್ಲ, ಬರೀ ಗೆರೆ. ನಾವೆಲ್ಲ ಬಲಗಡೆ."

ಮಾಸ್ಟ್ರು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಅಲ್ಲಿ ಓಡಲಿಕ್ಕೆ ಜಾಸ್ತಿ ಉಂಟು," ಎಂದರು. "ಓಡುತ್ತೇನೆ," ಎಂದರು ಭಾವ.

ಉಪಾಯ ನಡೆಯಿತು. ಡಿಕ್ಕಿಗಳು ನಿಂತವು. ಒಂದು ಆಟ ಸಮ ಮಾಡಿಕೊಂಡೆವು, ಒಂದು ಗೆದ್ದೆವು. ಕೊನೆಯ ಆಟ ಕಾರ್ಕಳದಲ್ಲಿ. ಗೆದ್ದರೆ ಎ ಡಿವಿಜನ್ನಿನಲ್ಲಿ ಉಳಿಯುತ್ತಿದ್ದೆವು, ಇಲ್ಲವಾದರೆ ಕೆಳಗೆ. ಅಲ್ಲಿಯ ನೆಲ ಕೆಂಪು, ಗಟ್ಟಿ. ಬಿದ್ದರೆ ಚರ್ಮ ಕಿತ್ತುಬರುತ್ತಿತ್ತು. ಮೊದಲರ್ಧದಲ್ಲಿ ನಾವು ಒಂದು ಗೋಲು ಹೊಡೆದೆವು. ಹೊಡೆದವನು ನಮ್ಮೂರಿನ ಎಲೆಕ್ಟ್ರಿಷಿಯನ್. ಬೆಂಚಿನಲ್ಲಿದ್ದ ನಾವೆಲ್ಲ ಎದ್ದು ಕುಣಿದೆವು.

ಕಾರ್ಕಳದವರಲ್ಲಿ ಗೆರೆಯ ಪಕ್ಕದಲ್ಲಿ ಓಡುವ ಒಬ್ಬ ಹುಡುಗನಿದ್ದ, ತೆಳ್ಳಗಿನವನು, ಇಪ್ಪತ್ತು ದಾಟಿರಲಿಕ್ಕಿಲ್ಲ. ಭಾವ ಅವನನ್ನು ಬಹಳ ಹೊತ್ತು ತಡೆದರು. ಆಟ ಮುಗಿಯುವ ಹೊತ್ತಿಗೆ ಅವನಿಗೆ ಖಾಲಿ ಜಾಗದಲ್ಲಿ ಚೆಂಡು ಸಿಕ್ಕಿತು. "ಚೇಟ್ಟಾ, ಒಳಗೆ ಬನ್ನಿ!" ಎಂದು ಕೀಪರ್ ಕೂಗಿದ. ಭಾವ ಕೂಡಲೇ ತಿರುಗಿದರು. ಕೇಳಿಸಿತ್ತು ಎಂಬುದರಲ್ಲಿ ಸಂಶಯವಿರಲಿಲ್ಲ. ಆದರೆ ಹುಡುಗ ಅಷ್ಟರಲ್ಲಿ ಅವರನ್ನು ದಾಟಿದ್ದ. ಗೋಲಾಯಿತು, ಆಟ ಸಮವಾಯಿತು. ನಾವು ಕೆಳಗಿಳಿದೆವು.

ಊರಿಗೆ ಮರಳುವಾಗ ಟೆಂಪೋದಲ್ಲಿ ಭಾವನ ಬಲಕ್ಕೆ ನಾನು ಕೂತಿದ್ದೆ. ಹಿರಿಯಡ್ಕ ದಾಟುವವರೆಗೆ ಅವರು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. ಆಮೇಲೆ, "ಅವನು ಹೇಳಿದ್ದೆಲ್ಲ ಕೇಳಿತು ಮಾರಾಯ," ಎಂದರು. "ಕಾಲು ನನ್ನ ಮಾತು ಕೇಳಲಿಲ್ಲ, ಅಷ್ಟೆ." ಅದರಲ್ಲಿ ದುಃಖ ಎಷ್ಟಿತ್ತೆಂದು ನನಗೆ ಹೇಳಲು ಬರುವುದಿಲ್ಲ. ಮುಖ ತೊಳೆದುಕೊಂಡವರ ಹಾಗೆ ಹಗುರವಾಗಿ ಕಾಣುತ್ತಿದ್ದರು.

ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಪ್ಲಾಂಟಿನಲ್ಲಿಯೂ ಕೆಲಸ ಕಡಿಮೆ. ಆಗ ಕೀಪರ್ ಒತ್ತಾಯ ಮಾಡಿ ಭಾವನನ್ನು ಮಣಿಪಾಲದಲ್ಲಿ ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಎಡಗಿವಿಗೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಬಲಗಿವಿಯನ್ನಾದರೂ ಉಳಿಸಿಕೊಳ್ಳಬೇಕೆಂದು ಡಾಕ್ಟರು ಹೇಳಿದರು. ಭಾವ ಯಂತ್ರದ ಬಳಿಯ ಕೆಲಸ ಬಿಟ್ಟು ಅದೇ ಪ್ಲಾಂಟಿನ ಟೆಂಪೋ ಓಡಿಸಲು ಸೇರಿದರು. ಆಟವನ್ನೂ ಬಿಟ್ಟರು. ಯಾರೂ ಬಿಡಿ ಎನ್ನಲಿಲ್ಲ, ಯಾರೂ ತಡೆಯಲೂ ಇಲ್ಲ.

ಮಣಿಪಾಲದ ಹುಡುಗರು ಓದು ಮುಗಿಸಿ ಚದುರಿದರು. ನಾನು ಮತ್ತೆ ಕೀಪರಾದೆ, ಬಿ ಡಿವಿಜನ್ನಿನಲ್ಲಿ. ಕಳೆದ ವರ್ಷ ನಾವು ಮೂರನೆಯವರಾದೆವು. ಎರಡನೆಯವರಾಗಿದ್ದರೆ ಮೇಲೆ ಹೋಗುತ್ತಿದ್ದೆವು. ಕೊನೆಯ ಆಟ ಸೋತ ಮೇಲೆ ಕೆಲವರ ಮುಖದಲ್ಲಿ ಸಮಾಧಾನವೇ ಕಂಡಿತು. ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ.

ಆ ಕೀಪರ್ ಈಗ ತನ್ನ ಊರಿನಲ್ಲಿ ಕ್ಲಿನಿಕ್ ಇಟ್ಟಿದ್ದಾನೆ. ಆಗಾಗ ಭಾವನಿಗೆ ಫೋನ್ ಮಾಡುತ್ತಾನೆ. ಮೊನ್ನೆ ನಾನು ಅಲ್ಲಿದ್ದಾಗಲೇ ಅವನ ಫೋನ್ ಬಂತು.

"ಟೀಮ್ ಯಾವ ಡಿವಿಜನ್ ಚೇಟ್ಟಾ ಈಗ?" ಎಂದು ಅವನು ಕೇಳಿದ್ದು ನನಗೂ ಕೇಳಿಸಿತು.

"ಬಿಯಲ್ಲೇ ಉಂಟು ಮಾರಾಯ," ಎಂದರು ಭಾವ. "ಆರಾಮ ಉಂಟು. ನೀನು ಊಟ ಮಾಡಿದೆಯಾ?"